ನೆಲದೊಳಗೆ ಕದವಿಟ್ಟು ಬಾಳುವ ಜೇಡ

ಜೇಡನ ಹೆಸರನ್ನು ಕೇಳಿದ ಕೂಡಲೆ ನಮ್ಮ ಮನಸ್ಸಿಗೆ ಬರುವದು ಅದರ ಬಲೆ. ಮಾಡಿನ ಜಂತೆಯ ಮೂಲೆಯಲ್ಲಿಯೂ ಬೇಲಿಯ ಮುಳ್ಳಿನ ನಡುವೆಯೂ ಅದು ನೂಲೆಳೆದು ಬಲೆ ಕಟ್ಟಿ, ನೊಣ ಬೀಳುವದೆಂದು ಕಾದಿರುವದನ್ನು ನೋಡದವರು ಯಾರು? ನೇಯುವವರಿಗೆ ಜೇಡರೆಂಬ ಹೆಸರು ನಮ್ಮ ನಾಡಿನಲ್ಲಿ ಬಹು ಹಳೆಯದು. ಆದರೆ ಜೇಡಗಳೆಲ್ಲಾ ಬಲೆಗಾರರಲ್ಲ. ಗಾಳಿಯಲ್ಲಿ ಬಲೆ ಕಟ್ಟದೆ ನೆಲವನ್ನು ಅಗೆದು, ಆ ಬಿಲದ ಬಾಯಿಗೆ ಕೀಲುಳ್ಳ ಕದವನ್ನು ಮಾಡಿ, ಅದರ ಹಿಂದೆ ಕೂತು ಆಯುಸ್ಸನ್ನೆಲ್ಲಾ ಕಳೆಯುವ ಜೇಡಗಳೂ ಉಂಟು. ಅವುಗಳಲ್ಲಿ ಒಂದು ಒಂದೇ ಬಿಲದಲ್ಲಿ ೪೩ ವರುಷ ಬಾಳಿತೆಂಬದು ಬರಹದಲ್ಲಿಟ್ಟ ಸಂಗತಿಯಾಗಿದೆ. ಆ ಜೇಡನ ಚರಿತ್ರೆಯನ್ನು ಹೇಳುವದಕ್ಕೆ ಮುಂಚೆ ಈ ಕುಲದವುಗಳ ಮನೆಯೂ ನಡತೆಯೂ ಎಂಥಾದ್ದೆಂದು ವಿಚಾರಿಸುವೆವು.

ಕದದ ಜೇಡಗಳು ಒಂದೇ ಜಾತಿಯವಲ್ಲ. ದಕ್ಷಿಣ ಯೂರೋಪು, ಆಫ್ರಿಕ, ಭಾರತ, ಚೀಣ, ಜಪಾನು, ಆಸ್ಟ್ರೇಲಿಯ, ಅಮೇರಿಕ ಮೊದಲಾದ ದೇಶಗಳಲ್ಲಿ ಇವುಗಳ ಅನೇಕ ಜಾತಿಗಳಿವೆ. ಚಳಿಯೂ ಹಿಮವೂ ಹೆಚ್ಚಾಗಿರುವ ಸೀಮೆಗಳಲ್ಲಿ ಇವು ಕಡಮೆ. ಮೈಬಣ್ಣ ಕಂದು ಇಲ್ಲವೆ ಕಪ್ಪು. ಕಾಲುಗಳು ಗಿಡ್ಡವೂ ದಪ್ಪವೂ ಆಗಿರುತ್ತವೆ. ಗೋಡೆಯ ಜೇಡನ ಉದ್ದವಾದ ಬಳುಕುವ ಕಾಲುಗಳು ಕಿರಿದಾದ ಬಿಲದಲ್ಲಿ ಯಾವ ಉಪಯೋಗಕ್ಕೂ ಬಾರವಷ್ಟೆ. ಕಣ್ಣುಗಳು ಎಂಟಿದ್ದರೂ ದೃಷ್ಟಿ ಮಂದವೇ. ನೆಲದ ಅಲುಗಾಟವನ್ನು ಕಾಲುಗಳಿಂದ ತಿಳಿದುಕೊಳ್ಳುವದರಲ್ಲಿಯೇ ಇವುಗಳ ಜಾಣತನವೆಲ್ಲಾ ಇದೆ.

ಹಲ್ಲುಗಳ ವಿಷಯದಲ್ಲಿ ಒಂದು ಭೇದವನ್ನು ಗಮನಿಸಿರಿ. ಮನೆಯ ಜೇಡನ ಎರಡು ವಿಷದ ಹಲ್ಲುಗಳು ಇಕ್ಕುಳದ ಎರಡು ಬಾಯಿಗಳ ಹಾಗೆ ಎದುರುಬದುರಾಗಿ ಕೂಡುತ್ತವೆ. ಕದದ ಜೇಡನ ಹಲ್ಲುಗಳೋ ಒಂದಕ್ಕೊಂದು ಸರಿಸಮನಾಗಿದ್ದು, ಜೋಡು ಗುದ್ದಲಿಗಳಂತೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಆದದರಿಂದ ಬೇಟೆಯನ್ನು ಹಿಡಿಯುವಾಗ ಅದು ಮುಂಭಾಗವನ್ನು ಎತ್ತಿ ಕುಕ್ಕಬೇಕಾಗುವದು. ಈ ಹಲ್ಲುಗಳ ಬುಡದಲ್ಲಿ ಅನೇಕ ಜಾತಿಗಳಿಗೆ ಗಟ್ಟಿಯಾದ ಮುಳ್ಳುಗಳ ಒಂದು ಸಾಲು ಉಂಟು. ನೆಲ ಅಗೆಯುವ ಕುಂಟೆ ಅದೇ. ಉಸಿರಾಟಕ್ಕೆ ಬೇಕಾದ ಚೀಲಗಳು ಹೊಟ್ಟೆಯ ಕೆಳಗೆ ಎರಡು ಜೊತೆಯಿವೆ. ಮನೆಯ ಜೇಡಕ್ಕೆ ಒಂದೇ ಜೊತೆ. ಇವುಗಳನ್ನೆಲ್ಲಾ ನೋಡಿ ಪಂಡಿತರು ಕದದ ಜೇಡಗಳನ್ನು ಹಳೆಯ ರೀತಿಯ ಜೇಡಗಳೆಂದು ಬೇರೆ ಪಂಗಡದಲ್ಲಿ ಎಣಿಸುತ್ತಾರೆ.

ಬಿಲವನ್ನು ತೋಡುವ ಕ್ರಮ ಹೇಗಂದರೆ: ಜೇಡವು ಮಣ್ಣನ್ನು ಮುಳ್ಳುಗಳಿಂದ ಕೆರೆದು ಚಿಕ್ಕ ಉಂಡೆಗಳನ್ನಾಗಿ ಮಾಡಿ, ಒಂದೊಂದಾಗಿ ಹೊತ್ತು ಹೊರಗೆ ಹಾಕುವದು. ಗೋಡೆಯನ್ನು ಮಣ್ಣಿನಿಂದ ಮೆತ್ತಿ ನಯಮಾಡಿದ ಬಳಿಕ ಅದರ ಮೇಲೆ ನೂಲಿನ ಅಸ್ತರಿಯನ್ನು ಹಾಸುವದು. ಈ ಅಸ್ತರಿಯಿಂದ ಗೋಡೆ ಉದುರುವದಿಲ್ಲ, ಬೇಸಗೆಯ ಒಣಗಾಳಿ ಒಳಗಿನ ತಂಪನ್ನು ಬೇಗನೆ ಹೀರಲಾರದು. ಬಿಲದ ಆಳ ಜಾತಿಗೆ ತಕ್ಕ ಹಾಗೆ ಕೆಲವು ಅಂಗುಲಗಳಿಂದ ಹಿಡಿದು ಒಂದು ಮೊಳದ ತನಕ ಉಂಟು. ಮೂರು ಕಡೆಯಿಂದ ಬಿಸಿಲು ಬಡಿಯುವ ಬಯಲಿಗಿಂತಲೂ, ಸ್ವಲ್ಪ ಇಳಿಜಾರಾಗಿಯೂ ಗಟ್ಟಿಯಾಗಿಯೂ ಇದ್ದು, ಮೇಲೆ ಹಾವಸೆಯೋ ತರಗೆಲೆಯೋ ಇರುವ ದರೆಯನ್ನು ಅನೇಕ ಜಾತಿಗಳು ಆರಿಸಿಕೊಳ್ಳುತ್ತವೆ. ಅಂಥಾ ಇಳಿಜಾರಿನಲ್ಲಿ ಮಳೆಯ ನೀರು ನಿಲ್ಲದೆ ಹರಿದುಹೋಗುವದು.

ಇನ್ನು ಕದದ ವಿಷಯ. ಜೇಡವು ಬಿಲದ ಬಾಯಿಯ ಮೇಲೆ ನೂಲಿನ ಒಂದು ಹಾಳೆಯನ್ನು ನೆಯ್ದು, ಅದರ ಮೇಲೆ ಮಣ್ಣನ್ನು ಸೇರಿಸಿ, ಸುತ್ತಲೂ ಅಂಚನ್ನು ಕತ್ತರಿಸಿ ಬಿಡಿಸಿ, ಒಂದು ಕಡೆಯಲ್ಲಿ ಮಾತ್ರ ಕತ್ತರಿಸದೆ ಉಳಿಸುವದು. ಉಳಿದ ಆ ನೂಲೇ ಕೀಲು. ಬಡಗಿಯು ತಿರುಗಣೆಯನ್ನು ಬೇರೆ ಮಾಡಿ ತಂದು ಜಡಿಯುತ್ತಾನೆ. ಇಲ್ಲಿ ಕದವೂ ಕೀಲೂ ಗೋಡೆಯ ಅಸ್ತರಿಯೂ ಒಂದೇ ವಸ್ತ್ರದ ಭಾಗಗಳಾಗಿವೆ. ಇಳಿಜಾರಿನಲ್ಲಿ ಈ ಕೀಲು ಮೇಲ್ಭಾಗದಲ್ಲಿರುವದರಿಂದ ಕೈಬಿಟ್ಟ ಕೂಡಲೆ ಕದವು ತನ್ನ ಭಾರದಿಂದಲೇ ಮುಚ್ಚಿಕೊಳ್ಳುವದು.

ಕದಗಳಲ್ಲಿ ಎರಡು ವಿಧ ಹೆಚ್ಚಾಗಿ ಕಾಣಬರುತ್ತವೆ. ಒಂದು, ಸೀಸೆಯ ಬಿರಡೆಯಂತೆ ದಪ್ಪವಾದದ್ದು. ನೂಲು ಒಂದು ಪದರ, ಮಣ್ಣು ಒಂದು ಪದರ, ಹೀಗೆ ಒಂದರ ಮೇಲೊಂದು ಕಟ್ಟಿರುವದು. ಇದರ ಅಂಚು ಓರೆಯಾಗಿದ್ದು ಬಿಲದ ಬಾಯಿಯಲ್ಲಿ ಬಿಗಿಯಾಗಿ ಕೂತುಕೊಳ್ಳುವದು. ಇನ್ನೊಂದು ಹಪ್ಪಳದಂತೆ ತೆಳ್ಳಗಿರುವದು. ಇದು ಬಾಯಿಯೊಳಗೆ ಇಳಿಯದೆ ಮೇಲೆ ಒರಗಿಕೊಳ್ಳುವದು. ಎರಡರ ಹೊರಮೈಯೂ ಸುತ್ತಲಿನ ನೆಲದ ಹಾಗೆಯೇ ಕಾಣುವಂತೆ ಮಣ್ಣು, ಹಾವಸೆ, ಒಣಗಿದ ಎಲೆಯ ಚೂರುಗಳಿಂದ ಮುಚ್ಚಲ್ಪಟ್ಟಿರುತ್ತದೆ. ಮುಚ್ಚಿದ ಕದವನ್ನು ಕಣ್ಣಿನಿಂದ ಕಂಡುಹಿಡಿಯುವದು ಎಷ್ಟು ಪ್ರಯಾಸವೆಂದರೆ, ಒಮ್ಮೆ ಬೆರಳಿಟ್ಟು ತೋರಿಸಿದ ಕದವನ್ನು ಕಣ್ಣೆತ್ತಿ ಮತ್ತೆ ನೋಡುವಷ್ಟರಲ್ಲಿ ಕಳೆದುಕೊಳ್ಳುವದುಂಟು.

ಕದಕ್ಕೆ ಅಗಳಿ ಇಲ್ಲ, ಅಗಳಿ ಜೇಡವೇ. ಹೊರಗಿಂದ ಯಾರಾದರೂ ಎತ್ತಲು ನೋಡಿದರೆ ಅದು ಹಲ್ಲುಗಳನ್ನೂ ಮುಂಗಾಲುಗಳ ಉಗುರುಗಳನ್ನೂ ಕದದ ಒಳಮೈಗೆ ನಾಟಿ, ಉಳಿದ ಕಾಲುಗಳನ್ನು ಗೋಡೆಗೆ ಒತ್ತಿ, ಕೆಳಕ್ಕೆ ಜಗ್ಗಿ ಹಿಡಿಯುವದು. ಬಿರಡೆಯಂಥ ಕದವನ್ನು ತಿರುವಿ ನೋಡಿದರೆ ಕೀಲಿಗೆ ಎದುರಾದ ಅಂಚಿನ ಬಳಿಯಲ್ಲಿ ಸೂಜಿಯಿಂದ ಚುಚ್ಚಿದಂಥ ಚಿಕ್ಕ ಗುರುತುಗಳು ಕಾಣಬರುವವು. ಜೇಡವು ಹಿಡಿದುಕೊಳ್ಳುವ ಸ್ಥಳ ಅದೇ. ಕೀಲಿನಿಂದ ದೂರವಾದ ಅಂಚನ್ನು ಹಿಡಿದರೆ ಸ್ವಲ್ಪ ಬಲದಿಂದಲೇ ಕದವನ್ನು ತಡೆಯಬಹುದೆಂಬದು ಬಾಗಲು ನೂಕಿದವರೆಲ್ಲರಿಗೂ ಗೊತ್ತು.

ಈ ಸಂಗತಿಗಳನ್ನು ಜಾಗ್ರತೆಯಿಂದ ಪರೀಕ್ಷಿಸಿ ಬರೆದವರಲ್ಲಿ ಜಾನ್ ಟ್ರೆಹರ್ನ್ ಮಾಗ್ರಿಜ್ ಎಂಬಾತನ ಹೆಸರು ಮುಖ್ಯವಾದದ್ದು. ಈತನು ೧೮೪೨ರಲ್ಲಿ ಹುಟ್ಟಿದವನು. ಕ್ಷಯರೋಗದ ನಿಮಿತ್ತ ಚಳಿಗಾಲವನ್ನು ತನ್ನ ದೇಶದಲ್ಲಿ ಕಳೆಯಲಾರದೆ, ಫ್ರಾನ್ಸ್ ದೇಶದ ತೆಂಕಣ ಕರಾವಳಿಯಲ್ಲಿರುವ ಮಾಂತೋ ಎಂಬ ಪಟ್ಟಣಕ್ಕೆ ಹೋಗಿ ವಾಸವಾಗಿದ್ದನು. ಬೇರೆ ರೋಗಿಗಳು ಸಮುದ್ರವನ್ನು ನೋಡುತ್ತಾ ಕೂತಿರುವಾಗ ಈತನು ಬದುಗಳ ಮುಂದೆ ಮೊಣಕಾಲೂರಿ, ಇರುವೆಗಳನ್ನೂ ಜೇಡಗಳನ್ನೂ ನೋಡುತ್ತಿದ್ದನು. ರಾತ್ರಿಯಲ್ಲಿ ಲಾಂದ್ರವನ್ನು ತೆಗೆದುಕೊಂಡು ಹೋಗುತ್ತಿದ್ದನು. ೧೮೭೩ರಲ್ಲಿ ತನ್ನ ಪುಸ್ತಕವನ್ನೂ ಮರುವರುಷ ಅದಕ್ಕೆ ಸೇರಿದ ಇನ್ನೊಂದು ಭಾಗವನ್ನೂ ಪ್ರಕಟಿಸಿ, ಆ ೧೮೭೪ರಲ್ಲಿಯೇ ೩೨ ವರುಷದವನಾಗಿ ತೀರಿಹೋದನು. ಆತನು ಕಳುಹಿಸಿದ ಜೇಡಗಳನ್ನು ಪರೀಕ್ಷಿಸಿ ಹೆಸರಿಟ್ಟವನು ಇಂಗ್ಲೆಂಡಿನ ಬ್ಲಾಕ್ಸ್‌ವರ್ತ್ ಎಂಬ ಹಳ್ಳಿಯ ಸಭೆಯ ಪಾಲಕನಾದ ಆಕ್ಟೇವಿಯಸ್ ಪಿಕರ್ಡ್-ಕೇಂಬ್ರಿಜ್. ಬಿರಡೆಯಂಥ ಕದವುಳ್ಳ ಒಂದು ಜಾತಿಗೆ ಈ ಪಾಲಕನು ಮಾಗ್ರಿಜನ ಹೆಸರನ್ನೇ ಇಟ್ಟನು.

ಮಾಗ್ರಿಜನು ಮಾಡಿದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಹಾವಸೆ ಬೆಳೆದ ನೆಲದಲ್ಲಿದ್ದ ಒಂದು ಬಿಲದ ಕದವನ್ನು ತೆಗೆದುಹಾಕಿ, ಸುತ್ತಲಿನ ಹಾವಸೆಯನ್ನೂ ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿದನು. ಜೇಡವು ಹೊಸ ಕದವನ್ನು ಕಟ್ಟಿತು. ನೆಲ ಬೋಳಾಗಿರಲಾಗಿ ಕದವನ್ನೂ ಬೋಳಾಗಿಯೇ ಬಿಟ್ಟಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಅದು ದೂರದಿಂದ ಹಾವಸೆಯನ್ನು ತಂದು ಹೊಸ ಕದದ ಮೇಲೆ ನೆಟ್ಟಿತು! ಬೋಳು ಮಣ್ಣಿನ ನಡುವೆ ಆ ಹಸುರು ಬಿಲ್ಲೆಯೊಂದೇ ಎದ್ದು ಕಾಣುತ್ತಿತ್ತು. ಈ ಜೇಡನ ಕೆಲಸವನ್ನು ನೋಡಿ ಅದಕ್ಕೆ ಮನುಷ್ಯನಂಥ ಬುದ್ಧಿ ಉಂಟೆಂದು ಕೊಂಡಾಡುವವರು ಇದನ್ನು ನೆನಸಬೇಕು. ಹಿರಿಯ ಮೇಸ್ತ್ರಿಗೂ ಸಾಧ್ಯವಾಗದ ಕದವನ್ನು ಮಾಡಬಲ್ಲ ಜಂತುವು, ಅದನ್ನು ಯಾತಕ್ಕೆ ಹಾಗೆ ಮಾಡಬೇಕೆಂಬದನ್ನು ಅರಿಯದು. ಕುಶಲತೆ ಒಂದು, ವಿವೇಕ ಇನ್ನೊಂದು.

ಅದೇ ಮಾಗ್ರಿಜನು ಇನ್ನೊಂದು ಸಂಗತಿಯನ್ನೂ ಸ್ಥಾಪಿಸಿದನು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಮರಿಯೂ ತನ್ನ ಅಳತೆಗೆ ತಕ್ಕ ಬಿಲವನ್ನೂ ಕೀಲುಳ್ಳ ಕದವನ್ನೂ ತಾನೇ ಮಾಡುವದು. ತಾಯಿಯಿಂದ ಕಲಿಯುವ ಪಾಠ ಇಲ್ಲ. ಮರಿಯು ಬೆಳೆದ ಹಾಗೆಲ್ಲಾ ಹಳೆಯ ಬಿಲವನ್ನು ಬಿಟ್ಟು ಹೊಸದನ್ನು ತೋಡುವದಿಲ್ಲ. ಇದ್ದದ್ದನ್ನೇ ಅಗಲಮಾಡಿ, ಕದದ ಅಂಚಿಗೆ ಇನ್ನೊಂದು ಸುತ್ತನ್ನು ಸೇರಿಸುವದು. ದೊಡ್ಡ ಕದದ ಮೇಲೆ ಈ ಸುತ್ತುಗಳನ್ನು ಮರದ ಕೊರಡಿನ ಬಳೆಗಳಂತೆ ನೋಡಬಹುದು. ಮರಿಯಾಗಿದ್ದಾಗ ಮಾಡಿದ ಪುಟ್ಟ ಬಿಲ್ಲೆ ನಡುವೆ ಹಾಗೆಯೇ ಇರುವದು.

ಅದೇ ಸೀಮೆಯ ಕೆಲವು ಜಾತಿಗಳು ಒಂದು ಕದದಿಂದ ತೃಪ್ತಿಪಡದೆ ಒಳಗೆ ಇನ್ನೊಂದನ್ನು ಇಡುತ್ತವೆ. ಹೊರಗಿನದು ಹಪ್ಪಳದಂತೆ ತೆಳ್ಳಗೆ. ಕೆಲವು ಅಂಗುಲ ಕೆಳಗೆ ದಪ್ಪನಾದ ಎರಡನೆಯ ಕದ. ಬೇರೆ ಕೆಲವುಗಳಲ್ಲಿ ಬಿಲದ ಪಕ್ಕಕ್ಕೆ ಕೊಂಬೆಯಂತೆ ಒಂದು ಕವಲು ಉಂಟು. ಒಳಗದವು ಆ ಸಂದಿನಲ್ಲಿದ್ದು, ಬೇಕಾದರೆ ದೊಡ್ಡ ಬಿಲವನ್ನೂ ಬೇಕಾದರೆ ಕವಲನ್ನೂ ಮುಚ್ಚುವದು. ಹೊರಗದವನ್ನು ಮುರಿದು ಬಂದ ಶತ್ರು ಕಾಣುವದು ಗೋಡೆಯನ್ನೇ. ಅಮೇರಿಕದ ಆಗ್ನೇಯ ಭಾಗದಲ್ಲಿಯೂ ಚೀಣ ಮೊದಲಾದ ಸೀಮೆಗಳಲ್ಲಿಯೂ ಇರುವ ಮತ್ತೊಂದು ಕುಲಕ್ಕೆ ಎರಡನೆಯ ಕದ ತನ್ನ ಶರೀರವೇ ಆಗಿದೆ. ಅದರ ಹಿಂಭಾಗವು ಕತ್ತರಿಸಿದಂತೆ ಚಪ್ಪಟೆಯಾಗಿ, ನಾಣ್ಯದ ಹಾಗೆ ಗಟ್ಟಿಯಾಗಿ, ಗೆರೆಗಳಿಂದ ಕೂಡಿದೆ. ಶತ್ರು ಒಳಹೊಕ್ಕರೆ ಅದು ತಲೆಕೆಳಗಾಗಿ ಬಿಲದ ಇಕ್ಕಟ್ಟಾದ ತಳಕ್ಕೆ ಇಳಿದು ತನ್ನ ಹಿಂಭಾಗದಿಂದಲೇ ದಾರಿಯನ್ನು ಬಿಗಿದುಬಿಡುವದು.

ಬೇಟೆಯ ವಿಷಯದಲ್ಲಿ ಹೆಚ್ಚು ಹೇಳುವದಕ್ಕಿಲ್ಲ. ಹಗಲೆಲ್ಲಾ ಕದ ಮುಚ್ಚಿರುವದು. ಕತ್ತಲಾದ ಮೇಲೆ ಜೇಡವು ಕದವನ್ನು ತುಸು ಎತ್ತಿ, ಮುಂಗಾಲುಗಳ ತುದಿಯನ್ನು ಅಂಚಿನ ಮೇಲಿಟ್ಟು ಕಾದಿರುವದು. ಇರುವೆಯೋ ಗೆದ್ದಲೋ ದುಂಬಿಯೋ ಸಮೀಪಕ್ಕೆ ಬಂದರೆ ಒಂದೇ ನೆಗೆತ, ಹಿಡಿದದ್ದೇ ಒಳಕ್ಕೆ, ಕದ ಬಿತ್ತು. ಹಾಗೆ ನೆಗೆಯುವಾಗಲೂ ಅನೇಕ ವೇಳೆ ಹಿಂಗಾಲುಗಳನ್ನು ಬಿಲದ ಅಂಚಿನಿಂದ ಬಿಡುವದಿಲ್ಲ. ಬೇಟೆ ಸಿಕ್ಕದಿದ್ದರೆ ಹಟ್ಟಿಬಿಟ್ಟು ಹುಡುಕಿಕೊಂಡು ಹೋಗುವ ಜಂತು ಇದಲ್ಲ. ನಾಳೆ ಬಂದೀತೆಂದು ಕೂತಿರುವದು. ವಾರಗಟ್ಟಲೆ ಉಪವಾಸವನ್ನೂ ತಡೆಯುವದು.

ಈಗ ಹೆಣ್ಣು ಗಂಡುಗಳ ಭೇದವನ್ನು ಹೇಳುವೆವು. ಮರಿಗಳಾಗಿರುವಾಗ ಎರಡೂ ಒಂದೇ ತರದಲ್ಲಿ ಬಿಲದಲ್ಲಿರುತ್ತವೆ. ಗಂಡು ಕೆಲವು ವರುಷಗಳಲ್ಲಿ ಪ್ರಾಯಕ್ಕೆ ಬಂದು, ಮಳೆ ಬಿದ್ದು ನೆಲ ತೇವವಾದ ಕಾಲದಲ್ಲಿ ತನ್ನ ಬಿಲವನ್ನು ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುವದು. ಹೊರಟದ್ದು ತಿರಿಗಿ ಬರುವದಿಲ್ಲ. ಸ್ವಲ್ಪ ಕಾಲದಲ್ಲಿಯೇ ಸಾಯುವದು. ಹೆಣ್ಣು ಬಿಲದಲ್ಲಿಯೇ ಉಳಿದು, ಅಲ್ಲಿಯೇ ಮೊಟ್ಟೆಯಿಟ್ಟು ನೂಲಿನ ಚೀಲದಲ್ಲಿ ಸುತ್ತಿ ಕಾಯುವದು. ಒಡೆದು ಬಂದ ಮರಿಗಳು ಕೆಲವು ತಿಂಗಳು ತಾಯಿಯ ಸಂಗಡ ಒಂದೇ ಬಿಲದಲ್ಲಿದ್ದು, ಮಳೆ ಬಂದಾಗ ನಡೆದುಕೊಂಡು ಹೊರಗೆ ಹೋಗುತ್ತವೆ. ಬಲೆಯ ಜೇಡನ ಮರಿಗಳು ನೂಲನ್ನು ಗಾಳಿಗೆ ಬಿಟ್ಟು ಮೈಲುಗಟ್ಟಲೆ ಹಾರಿಹೋಗಬಲ್ಲವು. ಕದದ ಜೇಡನ ಮರಿಗಳಾದರೋ ಸಾಧಾರಣವಾಗಿ ತಾಯಿಯ ಬಿಲದಿಂದ ಕೆಲವು ಮಾರು ದೂರದಲ್ಲಿಯೇ ನೆಲ ಹೂಡುತ್ತವೆ. ಆದಕಾರಣ ಒಂದು ದರೆಯಲ್ಲಿ ಒಂದು ಕದ ಕಂಡರೆ ಆ ಸುತ್ತಿನಲ್ಲಿ ದೊಡ್ಡವೂ ಚಿಕ್ಕವೂ ಆದ ಬೇರೆ ಕದಗಳಿರುವವೆಂದು ತಿಳಿಯಬಹುದು. ಅವೆಲ್ಲಾ ಅಕ್ಕತಂಗಿಯರ, ತಾಯಿಮಕ್ಕಳ ಮನೆಗಳು.

ಮೊದಲಲ್ಲಿ ಹೇಳಿದ ೪೩ ವರುಷದ ಜೇಡಕ್ಕೆ ಈಗ ಬರೋಣ. ಅದು ಪಶ್ಚಿಮ ಆಸ್ಟ್ರೇಲಿಯದಲ್ಲಿದ್ದದ್ದು. ಪರ್ತ್ ಪಟ್ಟಣದಿಂದ ೧೦೦ ಮೈಲಿಗೂ ಹೆಚ್ಚು ಮೂಡಲಿಗೆ ಹೋದರೆ ಟ್ಯಾಮಿನ್ ಎಂಬ ಊರು ಸಿಕ್ಕುವದು; ಸುತ್ತಲೂ ಕಣ್ಣು ಹಾಯುವಷ್ಟು ದೂರ ಗೋಧಿಯ ಹೊಲ. ಆ ಸೀಮೆಯ ಒಬ್ಬ ಗೋಧಿ ಬೇಸಾಯಗಾರನ ಮಗಳಾಗಿ ೧೯೨೯ರಲ್ಲಿ ಹುಟ್ಟಿದ ಬಾರ್ಬರಾ ಯಾರ್ಕ್ ಮೇಯ್ನ್ ಎಂಬ ವಿದುಷಿಯು ಜೇಡಗಳ ವಿಷಯದಲ್ಲಿ ಲೋಕಪ್ರಸಿದ್ಧಳಾದಳು. ಹೊಲಗಳ ನಡುವೆ ಉಳಿದಿದ್ದ ಉತ್ತರ ಬಂಗಲ್ಲಾ ಎಂಬ ಒಂದು ಚಿಕ್ಕ ರಕ್ಷಿತ ಕಾಡಿನಲ್ಲಿ ಆಕೆ ೧೯೭೪ರಲ್ಲಿ ಒಂದು ಕೆಲಸವನ್ನು ಆರಂಭಿಸಿದಳು. ಕೆಲಸ ಬಹು ಸರಳವಾದದ್ದು. ಗೇಯಸ್ ವಿಲ್ಲೋಸಸ್ ಎಂಬ ಜಾತಿಯ ಕದದ ಜೇಡನ ಬಿಲ ಕಂಡಲ್ಲಿ ಅದರ ಪಕ್ಕಕ್ಕೆ ನಂಬರು ಹಾಕಿದ ಒಂದು ಗೂಟವನ್ನು ನೆಡುವದು, ಮತ್ತೆ ಮತ್ತೆ ಬಂದು ಆ ಬಿಲದಲ್ಲಿ ಜೇಡ ಬದುಕಿದೆಯೋ ಇಲ್ಲವೋ ಎಂದು ನೋಡಿ ಬರೆದಿಡುವದು, ಇಷ್ಟೇ.

ಈ ಜಾತಿಯ ಬಿಲದ ಬಾಯಿಯ ಸುತ್ತಲೂ ಸಣ್ಣ ಕಡ್ಡಿಗಳನ್ನೂ ಎಲೆಗಳನ್ನೂ ಬಂಡಿಯ ಗಾಲಿಯ ಅರೆಕಾಲುಗಳಂತೆ ಕಟ್ಟಿರುವದುಂಟು. ದೂರದಲ್ಲಿ ಇರುವೆ ಕಡ್ಡಿಯನ್ನು ಮೆಟ್ಟಿದರೆ ಅದರ ಅಲುಗಾಟ ಒಳಗೆ ಕೂತ ಜೇಡಕ್ಕೆ ಮುಟ್ಟುವದು. ಒಳಗೆ ಅಸ್ತರಿಯ ಒಂದು ಭಾಗವು ಕಾಲುಚೀಲದಂತೆ ಸಡಿಲವಾಗಿದ್ದು, ಚೇಳೋ ಝರಿಯೋ ಒಳಹೊಕ್ಕರೆ ಜೇಡವು ಅದನ್ನು ಕೆಳಕ್ಕೆ ಎಳೆದು ಸುಳ್ಳು ತಳವನ್ನು ಮಾಡಿ ಅದರ ಕೆಳಗೆ ಅಡಗುವದು.

ಮೇಯ್ನಮ್ಮನವರು ನೆಟ್ಟ ಗೂಟಗಳಲ್ಲಿ ಹದಿನಾರನೆಯದು ಆಗತಾನೇ ತಾಯಿಯ ಬಿಲವನ್ನು ಬಿಟ್ಟು ಬಂದು ನೆಲ ಹೂಡಿದ ಒಂದು ಮರಿಯ ಬಿಲದ ಪಕ್ಕದಲ್ಲಿತ್ತು. ಅದಕ್ಕೆ ಬೇರೆ ಹೆಸರನ್ನು ಯಾರೂ ಇಡಲಿಲ್ಲ. ೧೬ನೇ ನಂಬರಿನ ಜೇಡವೆಂದೇ ಅದು ಪ್ರಸಿದ್ಧವಾಯಿತು. ವರುಷ ವರುಷವೂ ಬಂದು ನೋಡಿದಾಗ ಜೇಡ ಅಲ್ಲಿಯೇ ಇತ್ತು. ಒಂದು ಜೇಡ ಸತ್ತು ಅದೇ ಬಿಲದಲ್ಲಿ ಇನ್ನೊಂದು ಬಂದು ಸೇರಿರಬಾರದೋ ಎಂದು ವಾಚಕರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಈ ಜಾತಿಯ ಹೆಣ್ಣು ಇನ್ನೊಂದರ ಬಿಲವನ್ನು ಎಂದಿಗೂ ಆಕ್ರಮಿಸುವದಿಲ್ಲ, ತನ್ನ ಬಿಲವನ್ನು ಬಿಟ್ಟು ಬೇರೆ ಕಡೆಗೆ ಹೋಗುವದೂ ಇಲ್ಲ. ಹಾಳಾದರೆ ಅಲ್ಲಿಯೇ ದುರಸ್ತಿ ಮಾಡಿಕೊಳ್ಳುವದು. ಆದದರಿಂದ ಗೂಟದ ಬಳಿಯ ಕದವು ಸರಿಯಾಗಿರುವ ತನಕ ಒಳಗಿರುವದು ಮೊದಲಿನ ಜೇಡವೇ ಎಂಬದು ನಿಶ್ಚಯ.

೧೯೭೪ರಲ್ಲಿ ನಮ್ಮ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣು ಮಗುವು ಬೆಳೆದು, ಮದುವೆಯಾಗಿ, ತನ್ನ ಮಗಳನ್ನೂ ಧಾರೆಯೆರೆದು ಕೊಟ್ಟು ಮೊಮ್ಮಗುವನ್ನು ಎತ್ತಿಕೊಳ್ಳುವಷ್ಟು ಕಾಲ ಆ ಜೇಡವು ಅಂಗೈಯಗಲದ ಒಂದು ಸ್ಥಳದಲ್ಲಿ ಬಾಳಿತು. ಆ ಮುಂಚೆ ಹೆಚ್ಚು ಕಾಲ ಬದುಕಿದ ಜೇಡವೆಂದು ಎಣಿಸಲ್ಪಟ್ಟದ್ದು ಮೆಕ್ಸಿಕೋ ದೇಶದ ಒಂದು ದೊಡ್ಡ ರೋಮದ ಜೇಡ. ಅದರ ವಯಸ್ಸು ೨೮. ಇಷ್ಟು ದೀರ್ಘಾಯುಸ್ಸಿಗೆ ಕಾರಣವೇನಂದರೆ: ಬಿಲದೊಳಗೆ ಬಿಸಿಲಿಲ್ಲ, ಒಣಗಾಳಿಯಿಲ್ಲ, ಅಲೆದಾಟವಿಲ್ಲದ್ದರಿಂದ ಮೈಯ ಶಕ್ತಿ ವೆಚ್ಚವಾಗುವದು ಅತ್ಯಲ್ಪ, ಆಹಾರವೂ ಅಲ್ಪವೇ ಸಾಕು. ಮೇಯ್ನಮ್ಮನವರ ತಾಳ್ಮೆಯೂ ಜೇಡನ ತಾಳ್ಮೆಗೆ ಸರಿಯಾಗಿತ್ತೆಂದು ನಮ್ಮ ಎಣಿಕೆ. ಎರಡು ದಿನ ನೋಡಿ ಪುಸ್ತಕ ಬರೆಯುವವರು ಲೋಕದಲ್ಲಿ ಬಹಳ ಮಂದಿ. ನಾಲ್ವತ್ತು ವರುಷ ಒಂದೇ ಕಾಡಿಗೆ ಹೋಗಿ ಒಂದೇ ಗೂಟದ ಮುಂದೆ ಬಾಗಿ ನೋಡಿದವರು ಅಪರೂಪ. ತನಗೆ ವೃದ್ಧಾಪ್ಯ ಬಂದಾಗ ಆಕೆ ಆ ಕೆಲಸವನ್ನು ಲಿಯಾಂಡಾ ಮೇಸನ್ ಎಂಬ ವಿದ್ಯಾರ್ಥಿನಿಯ ಕೈಗೆ ಒಪ್ಪಿಸಿದಳು.

೨೦೧೬ರ ಅಕ್ಟೋಬರ್ ೩೧ರಂದು ಮೇಸನಳು ೧೬ನೇ ಗೂಟದ ಬಳಿಗೆ ಹೋದಾಗ ಕದದ ನಡುವೆ ಒಂದು ಚಿಕ್ಕ ತೂತು ಕಂಡಿತು. ಬಿಲ ಕೆಟ್ಟು ಹಾಳಾಗಿತ್ತು, ಜೇಡ ಇರಲಿಲ್ಲ. ಮುಪ್ಪು ಅದನ್ನು ಕೊಲ್ಲಲಿಲ್ಲ; ಕಡಜದ ಹುಳವು ಕದವನ್ನು ಕೊರೆದು ಒಳಹೊಕ್ಕಿತೆಂದು ಆ ತೂತಿನಿಂದ ತಿಳಿದರು. ಈ ಸಂಗತಿ ೨೦೧೮ರಲ್ಲಿ ಪ್ರಕಟವಾಯಿತು. ಮರುವರುಷ, ೨೦೧೯ರಲ್ಲಿ, ಮೇಯ್ನಮ್ಮನವರೂ ತೀರಿಹೋದರು.

ಕಡಜವು ಜೇಡಕ್ಕೆ ಏನು ಮಾಡುವದೆಂಬದನ್ನು ತಿಳಿಯಲು ಆಸ್ಟ್ರೇಲಿಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಮನೆಗಳ ಬಾಗಲಚೌಕಟ್ಟಿನಲ್ಲಿಯೂ ಗೋಡೆಗೆ ತೂಗಹಾಕಿದ ಪಟದ ಹಿಂದೆಯೂ ಮಣ್ಣಿನ ಗೂಡನ್ನು ಮೆತ್ತುವ ಸಣ್ಣ ನಡುವಿನ ಕಡಜವನ್ನು ಎಲ್ಲರೂ ಬಲ್ಲರು. ಅಂಥಾ ಗೂಡನ್ನು ಒಡೆದರೆ ಒಳಗೆ ಅನೇಕ ವೇಳೆ ಸಣ್ಣ ಜೇಡಗಳು ಸಾಲಾಗಿ ತುಂಬಿರುತ್ತವೆ. ಅವು ಸತ್ತಿಲ್ಲ, ಕಡಜದ ಕೊಂಡಿಯ ವಿಷದಿಂದ ಕೈಕಾಲು ಬಿದ್ದುಹೋಗಿ ಕದಲಲಾರದೆ ಇವೆ. ಗೂಡಿನಲ್ಲಿ ಒಂದು ಮೊಟ್ಟೆಯಿರುವದು. ಅದರಿಂದ ಹೊರಡುವ ಮರಿಹುಳವು ಕೆಡದೆ ಇರುವ ಆ ಮಾಂಸವನ್ನು ತಿಂದು ಬೆಳೆದು ಕಡಜವಾಗಿ ಹೊರಗೆ ಬರುವದು. ಹುಳವು ಭ್ರಮರವನ್ನೇ ನೆನಸಿ ನೆನಸಿ ತಾನೂ ಭ್ರಮರವಾಗುತ್ತದೆಂದು ನಮ್ಮ ದೇಶದಲ್ಲಿ ಹಿಂದಿನಿಂದಲೂ ಹೇಳುವ ಭ್ರಮರಕೀಟನ್ಯಾಯವು ಈ ಗೂಡನ್ನು ಹೊರಗಿನಿಂದ ಮಾತ್ರ ನೋಡಿದವರು ಕಟ್ಟಿದ ಮಾತು. ಉಪದೇಶಕ್ಕೆ ದೃಷ್ಟಾಂತವಾಗಿ ಅದು ಹೇಗಿದ್ದರೂ ಇರಲಿ. ಗೂಡಿನೊಳಗೆ ನಡೆಯುವದು ಧ್ಯಾನವಲ್ಲ, ಊಟ. ಕದದ ಜೇಡವನ್ನು ಬೇಟೆಯಾಡುವ ಕಡಜಗಳು ಬೇರೆ ಜಾತಿಯವು. ಅವು ಗೂಡು ಮೆತ್ತುವ ಶ್ರಮವನ್ನೂ ಪಡುವದಿಲ್ಲ. ಜೇಡನ ಬಿಲವೇ ಗೂಡು, ಜೇಡವೇ ಬುತ್ತಿ.

ಒಂದು ಕಡಜದಿಂದ ಒಂದು ಜೇಡ ಸಾಯುವದು. ಅದರಿಂದ ಕುಲವು ಅಳಿಯುವದಿಲ್ಲ. ಕುಲಕ್ಕೆ ಕೇಡು ಬರುವ ದಾರಿ ಬೇರೆ. ಆಸ್ಟ್ರೇಲಿಯದ ಆ ಗೋಧಿಯ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಾಡಿನ ಬಹುಭಾಗವನ್ನು ಕಡಿದು ಉತ್ತರು. ಆಳವಾದ ಬೇರುಳ್ಳ ಮರಗಳು ಹೋದಮೇಲೆ ನೆಲದೊಳಗಿನ ನೀರು ಮೇಲಕ್ಕೇರಿ, ಕೆಳಗಿದ್ದ ಉಪ್ಪನ್ನು ಸಂಗಡ ತಂದು, ಅನೇಕ ಹೊಲಗಳು ಚೌಳಾದವು. ಉಳಿದದ್ದು ಅಲ್ಲೊಂದು ಇಲ್ಲೊಂದು ಕಾಡಿನ ತುಂಡು. ಕೆಲವು ಮಾರು ಮಾತ್ರ ನಡೆಯಬಲ್ಲ ಮರಿಯು ಉತ್ತ ಹೊಲವನ್ನು ದಾಟಿ ಇನ್ನೊಂದು ಕಾಡಿಗೆ ಸೇರುವದು ಹೇಗೆ? ತರಗೆಲೆಯಿಲ್ಲದ, ಕುರಿಗಳು ತುಳಿದ ನೆಲದಲ್ಲಿ ಅದು ನಿಲ್ಲಲಾರದು. ಇಲ್ಲಿ ಮೋಸಗೊಳಿಸುವ ಒಂದು ಸಂಗತಿಯುಂಟು. ಹಳೆಯ ಹೆಣ್ಣುಗಳು ಇಪ್ಪತ್ತು ಮೂವತ್ತು ವರುಷ ಬದುಕುವದರಿಂದ, ಮರಿಗಳೆಲ್ಲಾ ಸತ್ತುಹೋಗುತ್ತಿದ್ದರೂ ಕದಗಳು ಕಾಣುತ್ತಲೇ ಇರುವವು. ನೋಡುವವನು ಎಲ್ಲವೂ ಕ್ಷೇಮವೆಂದು ಹೋಗುವನು. ಮುದುಕಿಯರು ಮಾತ್ರ ಉಳಿದ ಊರನ್ನು ನೋಡಿ ಮನೆಗಳಲ್ಲಿ ದೀಪ ಉರಿಯುತ್ತಿವೆ ಎಂದು ಸಂತೋಷಪಟ್ಟ ಹಾಗಾಯಿತು. ಚಿಕ್ಕ ಕದಗಳು ಇವೆಯೋ ಇಲ್ಲವೋ ಎಂದು ಎಣಿಸಿದವನೇ ನಿಜವನ್ನು ತಿಳಿಯುವನು.

ನಮ್ಮ ದೇಶದಲ್ಲಿಯೂ ಕದದ ಜೇಡಗಳುಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿದ್ದ ಪೋಕಾಕ್ ಎಂಬ ಪಂಡಿತನು ೧೯೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಂಡಿಯಾ ದೇಶದ ಚೇಳು ಜೇಡಗಳನ್ನು ವರ್ಣಿಸುತ್ತಾ ಇವುಗಳನ್ನೂ ಸೇರಿಸಿದ್ದಾನೆ. ಈಡಿಯಾಪ್ಸ್ ಎಂಬ ಕುಲದವು ಪಶ್ಚಿಮ ಘಟ್ಟಗಳಲ್ಲಿ ಇವೆ. ಕನ್ನಡ ಸೀಮೆಯ ಘಟ್ಟದ ಭಾಗವೂ ಅದರಲ್ಲಿ ಸೇರಿದೆ. ದಾರಿಯ ಪಕ್ಕದಲ್ಲಿ ಕಡಿದ ದರೆ, ಮರದ ಬೇರಿನ ಸಂದಿನ ಮಣ್ಣು, ಹಳ್ಳದ ಮೇಲಣ ಇಳಿಜಾರು, ಇವೇ ಹುಡುಕತಕ್ಕ ಸ್ಥಳಗಳು. ರಸ್ತೆಯನ್ನು ಅಗಲಮಾಡುವಾಗ ಯಂತ್ರದಿಂದ ಮೊದಲು ಕೆತ್ತಿಹಾಕುವದೂ ಇಂಥಾ ದರೆಗಳನ್ನೇ. ಹಲವು ವರುಷಗಳಿಂದ ಸುತ್ತು ಸುತ್ತಾಗಿ ಬೆಳೆದ ಕದಗಳು ಅರೆಗಳಿಗೆಯಲ್ಲಿ ಮಣ್ಣಿನ ರಾಶಿಯೊಳಗೆ ಹೋಗುತ್ತವೆ, ಕೆತ್ತಿದವನಿಗೂ ಅದು ತಿಳಿಯುವದಿಲ್ಲ.

ಜೇಡವು ಮೈಮೇಲೆ ಹರಿದರೆ ಗುಳ್ಳೆಗಳೇಳುವವೆಂದು ಹೆದರಿ ಕಂಡ ಜೇಡಗಳನ್ನೆಲ್ಲಾ ಹೊಸಕಿಹಾಕುವವರು ನಮ್ಮಲ್ಲಿದ್ದಾರೆ. ಅಂಥಾ ಗುಳ್ಳೆಯು ಅನೇಕ ವೇಳೆ ಮಳೆಗಾಲದಲ್ಲಿ ದೀಪಕ್ಕೆ ಬರುವ ಒಂದು ಸಣ್ಣ ದುಂಬಿಯ ರಸದಿಂದ ಆಗುವದು. ಕದದ ಜೇಡವಂತೂ ಮನುಷ್ಯನನ್ನು ಅಟ್ಟಿಕೊಂಡು ಬರುವ ಜಂತುವಲ್ಲ. ಮನುಷ್ಯನ ಹೆಜ್ಜೆಯ ಸಪ್ಪಳಕ್ಕೇ ಕದವನ್ನು ಎಳೆದು ಹಿಡಿದುಕೊಳ್ಳುವದು. ಆದರೂ ಹಲ್ಲುಗಳು ಬಲವಾದದ್ದರಿಂದ ಬಿಲದೊಳಗೆ ಬೆರಳಿಡುವದೂ, ಮಳೆಗಾಲದಲ್ಲಿ ಅಲೆಯುವ ಗಂಡನ್ನು ಕೈಯಲ್ಲಿ ಹಿಡಿಯುವದೂ ಮೂರ್ಖತನವೇ.

ಹುಡುಕಬೇಕೆಂದಿರುವವರು ಮುಂಗಾರಿನ ನಾಲ್ಕು ಹದಮಳೆ ಬಿದ್ದ ಬಳಿಕ, ಬೆಳಗಿನ ಓರೆ ಬಿಸಿಲಿನಲ್ಲಿ ದರೆಯ ಮುಂದೆ ಕೂತು ಒಂದೇ ಸ್ಥಳವನ್ನು ನಿಧಾನವಾಗಿ ನೋಡಬೇಕು. ನಡೆಯುತ್ತಾ ನೋಡಿದವರಿಗೆ ಕಾಣದು. ನಾಣ್ಯದ ಅಂಚಿನಂತೆ ಅರೆವೃತ್ತವಾದ ಒಂದು ಸೂಕ್ಷ್ಮ ಬಿರುಕು ಕಂಡರೆ ಹುಲ್ಲುಕಡ್ಡಿಯ ತುದಿಯಿಂದ ಆ ಅಂಚನ್ನು ಮೆಲ್ಲಗೆ ಮುಟ್ಟಿರಿ. ಕದವು ಸುಲಭವಾಗಿ ಎದ್ದರೆ ಬಿಲ ಬರಿದಾಗಿರಬಹುದು, ಇಲ್ಲವೆ ಮನೆಯವಳು ತಳದಲ್ಲಿರಬಹುದು; ಒಳಗಿನಿಂದ ಜಗ್ಗಿದಂತಾದರೆ ಹಿಡಿದುಕೊಂಡಿದ್ದಾಳೆಂದು ತಿಳಿದು ಕಡ್ಡಿಯನ್ನು ತೆಗೆಯಿರಿ. ಅಗೆಯಬೇಡಿರಿ. ಸುತ್ತಲೂ ಒಂದು ಮಾರಿನೊಳಗೆ ಚಿಕ್ಕ ಕದಗಳನ್ನು ಹುಡುಕಿ ಎಷ್ಟಿವೆಯೆಂದು ಬರೆದಿಡಿರಿ. ಮಳೆಗಾಲ ತೀರಿದ ಬಳಿಕ ಮತ್ತೊಮ್ಮೆ ಎಣಿಸಿರಿ. ಮರುವರುಷ ಸ್ಥಳ ಸಿಕ್ಕಬೇಕಾದರೆ ಬಿದಿರಿನ ಸಣ್ಣ ಗೂಟ ಸಾಕು. ಆದರೆ ಅದನ್ನು ಕದದಿಂದ ಒಂದು ಗೇಣು ದೂರಕ್ಕೆ ನೆಡಬೇಕು. ತೀರ ಹತ್ತಿರ ಬಡಿದರೆ ಬಿಲದ ಗೋಡೆ ಕುಸಿಯುವದು.